‘ಚೇಫ್’ ಅಂದರೆ ಉಜ್ಜುವುದಾ, ಉರಿಯುವುದಾ, ಚಡಪಡಿಸುವುದಾ?

ಪಾಂಡವಪುರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಓದಲು ಕೊಟ್ಟ ಒಂದು ತುಣುಕಿನಲ್ಲಿ ‘ಚೇಫ್’ ಅನ್ನುವ ಪದ ಎರಡು ಕಡೆ ಬಂತು. ಒಂದು, ‘ದ ರೋಪ್ ಚೇಫ್ಡ್ ಹಿಸ್ ರಿಸ್ಟ್ಸ್’. ಇನ್ನೊಂದು, ‘ಹಿ ಚೇಫ್ಡ್ ಅಟ್ ದ ರೂಲ್ಸ್’.

ಮೊದಲನೆಯದು ಮಕ್ಕಳಿಗೆ ತಕ್ಷಣ ಗೊತ್ತಾಯಿತು. ಹಗ್ಗ ಉಜ್ಜಿ ಮಣಿಕಟ್ಟು ತರಚಿತು, ಅಷ್ಟೇ. ಎರಡನೆಯದಕ್ಕೆ ನಿಘಂಟು ನೋಡಿದರೆ ಉಜ್ಜು, ತಿಕ್ಕು, ಸವೆ, ಕೆರಳು, ಸಿಡುಕು ಅಂತ ಸಾಲಾಗಿ ಕೊಟ್ಟಿದ್ದಾರೆ. ಯಾವುದನ್ನು ಹಾಕಿದರೂ ವಾಕ್ಯ ಸರಿಯಾಗಿ ಕೂರುವುದಿಲ್ಲ. ಕೊನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಹಗ್ಗಕ್ಕೂ ರೂಲ್ಸಿಗೂ ಒಂದೇ ಪದ ಯಾಕೆ ಮಿಸ್?’

ಒಳ್ಳೆ ಪ್ರಶ್ನೆ. ‘ಅದು ಹಾಗೇ, ಬಾಯಿಪಾಠ ಮಾಡು’ ಅಂತ ಹೇಳಲು ನನಗೆ ಇಷ್ಟವಿಲ್ಲ. ಗೊತ್ತಿದ್ದವರು ಬಿಡಿಸಿ ಹೇಳಿ.

ದೇವರಾಜ ಮೊಹಲ್ಲಾ ಓದುಗ

ಕಿರಿಕಿರಿ ಅಂದರೆ ಸಾಲದಾ ಮೇಡಂ? ಮೈಗೂ ಆಗುತ್ತೆ, ಮನಸ್ಸಿಗೂ ಆಗುತ್ತೆ. ಹೊಸ ಶರ್ಟಿನ ಕಾಲರ್ ಕಿರಿಕಿರಿ, ಪಕ್ಕದ ಮನೆಯ ಡ್ರಿಲ್ಲಿಂಗ್ ಶಬ್ದ ಕಿರಿಕಿರಿ.

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಕಿರಿಕಿರಿ ಹತ್ತಿರಕ್ಕೆ ಬರುತ್ತದೆ, ಆದರೆ ಸಾಲದು. ಅದು ‘ಇರಿಟೇಟ್’ಗೆ ಹೆಚ್ಚು ಒಪ್ಪುತ್ತದೆ. ‘ಚೇಫ್’ನ ಹುಟ್ಟು ಬೇರೆ ಕಡೆ ಇದೆ, ಆ ಹುಡುಗಿಯ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಈ ಪದದ ಮೊದಲ ಅರ್ಥ ಉಜ್ಜುವುದೇ ಅಲ್ಲ. ಬಿಸಿ ಮಾಡುವುದು! ಲ್ಯಾಟಿನ್ನಿನಲ್ಲಿ ‘ಕಾಲೆರೆ’ ಅಂದರೆ ಬಿಸಿಯಾಗಿರು, ‘ಫಾಕೆರೆ’ ಅಂದರೆ ಮಾಡು. ಎರಡೂ ಸೇರಿ ‘ಕಾಲೆಫಾಕೆರೆ’ ಆಯಿತು. ಅದು ಹಳೆಯ ಫ್ರೆಂಚಿಗೆ ಬಂದು ‘ಶೋಫೆ’ ಅನ್ನುವಂಥ ರೂಪ ಪಡೆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂದು ‘ಚೇಫ್’ ಆಯಿತು. ಊಟದ ಲೆಕ್ಕದಲ್ಲಿ ಹೇಳುವ ಕ್ಯಾಲೊರಿಯೂ ಇದೇ ಬೇರಿನದು. ಕಾರು ಓಡಿಸುವ ‘ಶೋಫರ್’ ಕೂಡ ಇದರ ನೆಂಟ. ಫ್ರೆಂಚಿನಲ್ಲಿ ಆ ಪದಕ್ಕೆ ಮೊದಲು ಇದ್ದ ಅರ್ಥ ಬೆಂಕಿ ಹಾಕುವವನು, ಅಂದರೆ ನಮ್ಮ ಉಗಿಬಂಡಿಯ ಫೈರ್‌ಮನ್. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಹಳೇ ಉಗಿ ಎಂಜಿನ್ ಮೇಲೆ ಅವನು ನಿಲ್ಲುತ್ತಿದ್ದ ಜಾಗವನ್ನೇ ತೋರಿಸಬಹುದು.

ಇನ್ನು ಬಿಸಿಯಿಂದ ಉಜ್ಜುವುದಕ್ಕೆ ಹೇಗೆ ಬಂತು? ಚಳಿಯಲ್ಲಿ ಅಂಗೈ ಉಜ್ಜಿಕೊಳ್ಳುತ್ತೇವಲ್ಲ, ಹಾಗೇ. ಹಳೆಯ ಇಂಗ್ಲಿಷ್ ಕಥೆಗಳಲ್ಲಿ ಯಾರಾದರೂ ಮೂರ್ಛೆ ಬಿದ್ದರೆ ಅವರ ಕೈಕಾಲನ್ನು ‘ಚೇಫ್’ ಮಾಡುತ್ತಾರೆ. ಅಲ್ಲಿ ನೋವಿಲ್ಲ, ಉಪಚಾರ ಇದೆ. ಕೈಕಾಲು ತಿಕ್ಕಿ ಕಾವು ತರಿಸುವುದು. ಮಕ್ಕಳಿಗೆ ಈ ಅರ್ಥವನ್ನು ಮೊದಲು ಹೇಳಿ ಅಂತ ನನ್ನ ಸಲಹೆ. ಈಗ ಬಳಕೆ ಕಡಿಮೆ, ಆದರೆ ಇದು ತಿಳಿದರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಉಜ್ಜಿದರೆ ಕಾವು. ಜಾಸ್ತಿ ಉಜ್ಜಿದರೆ ಉರಿ. ಇನ್ನೂ ಉಜ್ಜಿದರೆ ಚರ್ಮ ಸುಲಿಯುತ್ತದೆ. ಇತ್ತ ಮನಸ್ಸಿಗೂ ಕಾವು ಏರುತ್ತದೆ, ಒಳಗೆ ಕುದಿಯುತ್ತದೆ.

ನಮ್ಮಲ್ಲೂ ತಲೆಬಿಸಿ ಅನ್ನುತ್ತೇವೆ, ಹೊಟ್ಟೆಉರಿ ಅನ್ನುತ್ತೇವೆ, ಮಾತಿಗೆ ಮಾತು ಬೆಳೆದು ಕಾವೇರಿತು ಅನ್ನುತ್ತೇವೆ. ಮೈಯ ಬಿಸಿಯನ್ನು ಮನಸ್ಸಿಗೆ ಹೇಳುವುದು ನಮಗೂ ಹೊಸದಲ್ಲ ಅಂತ ಆ ಹುಡುಗಿಗೆ ಹೇಳಿ.

ಅಡುಗೆ ಕಾಂಟ್ರಾಕ್ಟ್, ಮೈಸೂರು

ಮೇಷ್ಟ್ರೇ, ನೀವು ಹೇಳಿದ್ದು ಓದಿ ಖುಷಿಯಾಯಿತು. ಮದುವೆ ಬಫೆಗೆ ನಾವು ‘ಚೇಫಿಂಗ್ ಡಿಶ್’ ಬಾಡಿಗೆಗೆ ತರುತ್ತೇವೆ. ಅದರಲ್ಲಿ ಉಜ್ಜುವುದು ಏನೂ ಇಲ್ಲವಲ್ಲ, ಈ ಹೆಸರು ಯಾಕೆ ಅಂತ ಹುಡುಗರು ಕೇಳುತ್ತಿದ್ದರು. ಕೆಳಗೆ ಜೆಲ್ ಬೆಂಕಿ, ಅದರ ಮೇಲೆ ನೀರಿನ ತಟ್ಟೆ, ನೀರಿನ ಮೇಲೆ ಪಲ್ಯದ ಪಾತ್ರೆ, ಮೇಲೊಂದು ಮುಚ್ಚಳ. ನೀರಿನ ಆವಿಯ ಕಾವಿನಲ್ಲಿ ಅಡುಗೆ ಬಿಸಿಯಾಗಿರುತ್ತೆ, ತಳ ಹತ್ತುವುದಿಲ್ಲ. ನೀರು ಬತ್ತದ ಹಾಗೆ ನೋಡಿಕೊಳ್ಳಬೇಕು, ಹಾಕುವಾಗ ಬಿಸಿನೀರೇ ಹಾಕಬೇಕು. ತಣ್ಣೀರು ಹಾಕಿದರೆ ಮತ್ತೆ ಕಾವು ಏರುವವರೆಗೆ ಬಿಸಿಬೇಳೆಬಾತ್ ಆರಿ ಗಟ್ಟಿಯಾಗಿಬಿಡುತ್ತೆ.

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಹೌದು, ಆ ಪಾತ್ರೆಯ ಹೆಸರಿನಲ್ಲಿ ಪದದ ಮೊದಲ ಅರ್ಥ ಹಾಗೇ ಉಳಿದುಕೊಂಡಿದೆ.

ಮದ್ದೂರು ಕಡೆ ರೈತ

ಟೀಚರಮ್ಮ, ಕಾವು ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಮಕ್ಕಳಿಗೆ ಹಗ್ಗದ ಉದಾಹರಣೆಗಿಂತ ನೊಗದ ಉದಾಹರಣೆ ಬೇಗ ತಿಳಿಯುತ್ತೆ.

ನೊಗ ಕೂರುವುದು ಎತ್ತಿನ ಹಿಣಿಲಿನ ಮುಂದೆ, ಕತ್ತಿನ ಮೇಲೆ. ಒಂದೇ ದಿನಕ್ಕೆ ಹುಣ್ಣಾಗುವುದಿಲ್ಲ. ಮೊದಲು ಅಲ್ಲಿ ಕೂದಲು ಉದುರುತ್ತೆ. ಚರ್ಮ ನುಣ್ಣಗೆ ಹೊಳೆಯುತ್ತೆ. ಸಂಜೆ ಎತ್ತು ಬಿಚ್ಚಿದ ಮೇಲೆ ಅಲ್ಲಿ ಅಂಗೈ ಇಟ್ಟು ನೋಡಿ, ಬೇರೆ ಕಡೆಗಿಂತ ಕಾವು ಜಾಸ್ತಿ ಇರುತ್ತೆ. ಆಗಲೇ ಎಚ್ಚೆತ್ತುಕೊಂಡರೆ ಸರಿ. ಬಿಟ್ಟರೆ ಬಾವು ಬರುತ್ತೆ, ಚರ್ಮ ಬಿರಿಯುತ್ತೆ, ನೊಣ ಕೂರುತ್ತೆ, ಹುಳ ಬೀಳುತ್ತೆ. ಎತ್ತು ನೊಗ ಕಂಡರೆ ತಲೆ ಓರೆ ಮಾಡುತ್ತೆ. ಬಾಯಿಲ್ಲದ ಪ್ರಾಣಿ, ಅಷ್ಟರಲ್ಲೇ ಅದು ಹೇಳಿಬಿಡುತ್ತೆ.

ಯಾಕೆ ಹೀಗಾಗುತ್ತೆ ಅಂದರೆ, ಜೋಡಿಯಲ್ಲಿ ಒಂದೆತ್ತು ಎತ್ತರ, ಇನ್ನೊಂದು ಕುಳ್ಳ ಇದ್ದರೆ ನೊಗ ಓರೆಯಾಗಿ ಒಂದೇ ಜಾಗಕ್ಕೆ ಒತ್ತುತ್ತೆ. ಗಾಡಿಗೆ ಕಬ್ಬು ತುಂಬುವಾಗ ಮುಂಭಾರ ಜಾಸ್ತಿ ಮಾಡಿದರೂ ಹಾಗೇ. ಮಳೆಯಲ್ಲಿ ಕತ್ತು ನೆಂದಿದ್ದರೆ ಇನ್ನೂ ಬೇಗ ಸುಲಿಯುತ್ತೆ. ಹೊಸದಾಗಿ ಹೂಡಿದ ಹೋರಿಗೆ ಕತ್ತು ಗಟ್ಟಿಯಾಗಿರುವುದಿಲ್ಲ, ಅದಕ್ಕೆ ದಿನಕ್ಕಿಷ್ಟು ಅಂತ ಮಾತ್ರ ಕೆಲಸ ಕೊಡಬೇಕು. ನೊಗಕ್ಕೆ ಗೋಣಿತಾಟು ಸುತ್ತುತ್ತೇವೆ. ಗಂಟು, ಸಿಬಿರು ಇದ್ದರೆ ಕೆತ್ತಿ ನುಣುಪು ಮಾಡುತ್ತೇವೆ. ಹುಣ್ಣಾದ ಮೇಲೆ ಅರಿಸಿನ, ಬೇವಿನೆಣ್ಣೆ ಏನೇ ಹಚ್ಚಿದರೂ ನೊಗ ಇಳಿಸದೆ ವಾಸಿಯಾಗಲ್ಲ. ಬಾವು ಬಂದರೆ ಪಶು ಡಾಕ್ಟರನ್ನು ಕರೆಯಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ ಏನಂತಾರೆ?

ಕುವೆಂಪುನಗರದ ನಿವೃತ್ತ ಮೇಷ್ಟ್ರು

ನೊಗ ಉಜ್ಜುವುದು ‘ಚೇಫ್’, ಅದರಿಂದ ಆದ ಹುಣ್ಣು ‘ಯೋಕ್ ಗಾಲ್’. ಈ ‘ಗಾಲ್’ ಅನ್ನುವುದಕ್ಕೂ ಹೀಗೇ ಎರಡು ಮುಖ ಇವೆ. ಜೀನು ಉಜ್ಜಿ ಕುದುರೆಗೆ ಆಗುವ ಹುಣ್ಣೂ ‘ಗಾಲ್’, ಮನಸ್ಸಿಗೆ ಚುಚ್ಚಿ ನೋಯಿಸುವುದೂ ‘ಗಾಲ್’.

ಯಜಮಾನರೇ, ನಿಮ್ಮ ಬರಹದಲ್ಲಿ ಎರಡು ಮಾತು ನಾನು ಎತ್ತಿ ತೋರಿಸಬೇಕು. ‘ಒಂದೇ ದಿನಕ್ಕೆ ಹುಣ್ಣಾಗುವುದಿಲ್ಲ’ ಮತ್ತು ‘ನೊಗ ಇಳಿಸದೆ ವಾಸಿಯಾಗಲ್ಲ’. ‘ಚೇಫ್’ನ ಜೀವ ಈ ಎರಡರಲ್ಲೇ ಇದೆ. ಒಂದೇ ಏಟಿಗೆ ಆಗುವ ಗಾಯಕ್ಕೆ ಆ ಪದ ಹಾಕುವುದಿಲ್ಲ. ಸೈಕಲ್ಲಿನಿಂದ ಬಿದ್ದು ಮಂಡಿ ತರಚಿದರೆ ಅದು ‘ಸ್ಕ್ರೇಪ್’ ಅಥವಾ ‘ಗ್ರೇಜ್’. ‘ಚೇಫ್’ ಆಗಬೇಕಾದರೆ ಉಜ್ಜುವ ವಸ್ತು ಅಲ್ಲೇ ಇರಬೇಕು, ಮತ್ತೆ ಮತ್ತೆ ಉಜ್ಜುತ್ತಿರಬೇಕು. ಉಜ್ಜಿಸಿಕೊಳ್ಳುವವನು ಅದನ್ನು ತೆಗೆದು ಎಸೆಯಲು ಆಗದ ಸ್ಥಿತಿಯಲ್ಲಿ ಇರಬೇಕು. ಮನಸ್ಸಿನ ಅರ್ಥದಲ್ಲೂ ಅಷ್ಟೇ. ಸುಮ್ನೆ ಸಿಟ್ಟು ಬಂದು ಹೋದರೆ ‘ಚೇಫ್’ ಅಲ್ಲ. ತಪ್ಪಿಸಿಕೊಳ್ಳಲು ಆಗದ ಕಟ್ಟುಪಾಡಿನೊಳಗೆ ಕೂತು ಕುದಿಯುವುದು ‘ಚೇಫ್’.

ಶ್ರೀರಂಗಪಟ್ಟಣ ನಿವಾಸಿ

ಹಗ್ಗಕ್ಕೂ ಈ ಪದ ಹಾಕುತ್ತಾರೆ. ಹಡಗಿನವರು ಹಗ್ಗ ಕಂಬಿಗೆ ತಾಗುವ ಜಾಗಕ್ಕೆ ಬಟ್ಟೆಯನ್ನೋ ತೊಗಲನ್ನೋ ಸುತ್ತುತ್ತಾರೆ, ಹಗ್ಗ ಸವೆದು ಹರಿಯಬಾರದು ಅಂತ. ಅದಕ್ಕೆ ‘ಚೇಫಿಂಗ್ ಗೇರ್’ ಅನ್ನುತ್ತಾರೆ.

ನಮ್ಮ ದಸರಾ ಆನೆಯನ್ನೇ ನೋಡಿ. ಚಿನ್ನದ ಅಂಬಾರಿ ಸುಮಾರು 750 ಕೆ.ಜಿ. ಅದನ್ನು ನೇರವಾಗಿ ಬೆನ್ನ ಮೇಲೆ ಇಟ್ಟು ಹಗ್ಗ ಬಿಗಿದರೆ ಅರಮನೆಯಿಂದ ಬನ್ನಿಮಂಟಪ ತಲುಪುವಷ್ಟರಲ್ಲಿ ಚರ್ಮ ಏನಾಗಬೇಡ? ಅದಕ್ಕೇ ಮೊದಲು ನಮ್ದಾ, ಗಾದಿ ಹಾಸಿ ಕಟ್ಟುತ್ತಾರೆ. ತಾಲೀಮಿನಲ್ಲಿ ಮರಳಿನ ಮೂಟೆ ಹೊರಿಸುವಾಗಲೂ ಹಾಸು ಹಾಕಿಯೇ ಹೊರಿಸುತ್ತಾರೆ. ಅಂಬಾರಿಯ ಚಂದ ಎಲ್ಲರೂ ನೋಡುತ್ತೇವೆ, ಅದರ ಕೆಳಗಿನ ಹಾಸನ್ನು ಕಟ್ಟುವ ಮಾವುತ ಕಾವಾಡಿಗಳ ಕೈಚಳಕವನ್ನೂ ನಿಂತು ನೋಡಬೇಕು.

ಸರ್ಕಾರಿ ಆಸ್ಪತ್ರೆ ನರ್ಸ್, ಮಂಡ್ಯ

ಪದದ ಚರ್ಚೆ ನಡೆಯಲಿ, ನಾನು ಮೈಯ ವಿಷಯ ಹೇಳುತ್ತೇನೆ. ಯಾಕೆಂದರೆ ಈ ತೊಂದರೆಯನ್ನು ಹೆಣ್ಣುಮಕ್ಕಳು ನಾಚಿಕೆಗೆ ಯಾರಿಗೂ ಹೇಳುವುದೇ ಇಲ್ಲ.

ತೊಡೆ ಸಂದು, ಕಂಕುಳು, ಸ್ತನದ ಕೆಳಗೆ, ಸೊಂಟದ ಸುತ್ತ, ಇವು ಉಜ್ಜುವ ಜಾಗಗಳು. ಚರ್ಮ ಒಣಗಿದ್ದರೆ ಉಜ್ಜುವುದು ಕಡಿಮೆ. ಬೆವರಿನಲ್ಲಿ ಒದ್ದೆಯಾದರೆ ಒಂದಕ್ಕೊಂದು ಅಂಟಿ ಉಜ್ಜುವುದು ಜಾಸ್ತಿ. ಬೆವರು ಆರಿದ ಮೇಲೆ ಉಪ್ಪು ಉಳಿಯುತ್ತೆ, ಅದೂ ಸೇರಿ ಚರ್ಮ ಕೆಂಪಾಗಿ ಉರಿಯುತ್ತೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಸಾವಿರ ಮೆಟ್ಟಿಲು, ಜೊತೆಗೆ ಮಳೆಯಲ್ಲಿ ನೆಂದ ಬಟ್ಟೆ.

ಮಾಡಬೇಕಾದ್ದು ಇಷ್ಟೇ. ತಣ್ಣೀರಿನಲ್ಲಿ ತೊಳೆದು, ಒತ್ತಿ ಒರೆಸಿ, ತಿಕ್ಕಿ ಅಲ್ಲ. ಚೆನ್ನಾಗಿ ಆರಲು ಬಿಡಿ. ಆಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ನಡೆಯುವ ಮೊದಲೇ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು. ಒಳಗೆ ತೊಡೆ ಮುಚ್ಚುವ ಚಡ್ಡಿ ಹಾಕಿಕೊಂಡರೆ ಚರ್ಮಕ್ಕೆ ಚರ್ಮ ತಾಗುವುದಿಲ್ಲ.

ಸೀರೆ ಉಡುವವರು ಒಂದು ಮಾತು ಕೇಳಿ. ಲಂಗದ ಲಾಡಿಯನ್ನು ದಿನಾ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದರೆ ಸೊಂಟದ ಮೇಲೆ ಕಪ್ಪು ಗೆರೆ ಬೀಳುತ್ತೆ, ಚರ್ಮ ಒರಟಾಗುತ್ತೆ. ಕೆಲವರಿಗೆ ಅಲ್ಲೇ ಹುಣ್ಣಾಗಿ ವಾಸಿಯಾಗದೆ ಉಳಿಯುತ್ತೆ. ಬಹಳ ಅಪರೂಪಕ್ಕೆ ಅಂಥ ಹಳೇ ಹುಣ್ಣು ಕ್ಯಾನ್ಸರ್‌ಗೆ ತಿರುಗಿದ್ದೂ ಇದೆ, ವೈದ್ಯರು ಅದನ್ನು ದಾಖಲಿಸಿದ್ದಾರೆ. ತೆಳ್ಳಗಿನ ದಾರದ ಬದಲು ಅಗಲವಾದ ಪಟ್ಟಿ ಇರುವ ಲಂಗ ಹೊಲಿಸಿಕೊಳ್ಳಿ. ಕಟ್ಟುವ ಜಾಗ ಆಗಾಗ ಬದಲಾಯಿಸಿ. ವಾಸಿಯಾಗದ ಹುಣ್ಣಿದ್ದರೆ ತೋರಿಸಿ, ಮುಚ್ಚಿಡಬೇಡಿ.

ಇನ್ನೊಂದು. ಉಜ್ಜಿ ಆದದ್ದು ಮುಖ್ಯವಾಗಿ ಉರಿಯುತ್ತೆ. ಹುಳುಕಡ್ಡಿ ಮುಖ್ಯವಾಗಿ ಕೆರೆಯುತ್ತೆ, ಉಂಗುರದ ಹಾಗೆ ಅಂಚು ಕಟ್ಟಿಕೊಂಡು ಹರಡುತ್ತೆ. ಎರಡಕ್ಕೂ ಒಂದೇ ಅಂತ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕ ಕ್ರೀಮ್ ತಂದು ಹಚ್ಚಬೇಡಿ. ಸ್ಟೀರಾಯ್ಡ್ ಬೆರೆತ ಕ್ರೀಮ್ ಆಗಿದ್ದರೆ ಎರಡು ದಿನ ಕೆರೆತ ನಿಂತ ಹಾಗಾಗಿ ಹುಳುಕಡ್ಡಿ ಇನ್ನೂ ಹಬ್ಬುತ್ತೆ. ಸಕ್ಕರೆ ಕಾಯಿಲೆ ಇರುವವರು ಸಂದಿನಲ್ಲಿ ನೀರು ಸೋರುವುದು, ವಾಸನೆ ಬರುವುದು ಕಂಡರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಟೈಲರಿಂಗ್ ಅಕ್ಕ

ನರ್ಸಮ್ಮ ಹೇಳಿದ್ದು ನಿಜ. ಮೂರು ಬೆರಳು ಅಗಲದ ಪಟ್ಟಿ ಇಟ್ಟು ಲಂಗ ಹೊಲಿದು ಕೊಡುತ್ತೇವೆ, ಕೇಳಬೇಕು ಅಷ್ಟೇ. ಬ್ಲೌಸಿನ ಕಂಕುಳಿನ ಹೊಲಿಗೆಯ ಅಂಚನ್ನು ಮಡಚಿ ಮುಚ್ಚಿ ಹೊಲಿದರೂ ಉಜ್ಜುವುದು ಎಷ್ಟೋ ಕಡಿಮೆಯಾಗುತ್ತೆ.

ಮಹಾರಾಜ ಕಾಲೇಜು ಹಳೇ ವಿದ್ಯಾರ್ಥಿ

ಮೇಷ್ಟ್ರು ಹೇಳಿದ ‘ಕಟ್ಟುಪಾಡಿನೊಳಗೆ ಕೂತು ಕುದಿಯುವುದು’ ಅನ್ನುವುದಕ್ಕೆ ನಮ್ಮ ಚರಿತ್ರೆಯಲ್ಲೇ ಉದಾಹರಣೆ ಇದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ದೊರೆ ಅರಮನೆಯಲ್ಲೇ ಇದ್ದರು, ಪಟ್ಟ ಇತ್ತು, ಅಧಿಕಾರ ಇರಲಿಲ್ಲ. ರಾಜ್ಯ ವಾಪಸ್ ಕೊಡಿ ಅಂತ ವರ್ಷಗಟ್ಟಲೆ ಪತ್ರ ಬರೆದರು. 1868ರಲ್ಲಿ ತೀರಿಕೊಂಡರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಆ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ಚೇಫ್ಡ್ ಅಂಡರ್ ಬ್ರಿಟಿಷ್ ಕಂಟ್ರೋಲ್’ ಅಂತ ಬರೆದರೆ ಅಕ್ಷರಶಃ ಒಪ್ಪುತ್ತೆ. ಸಿಟ್ಟಾದರು ಅಂದರೆ ಸಾಲದು, ದಂಗೆ ಎದ್ದರು ಅಂದರೆ ಸುಳ್ಳು.

ಈಗ ಇನ್ನೊಂದು ನೋಡಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಧ್ವಜ ಹಾರಿಸಬಾರದು ಅಂತ ನಿಷೇಧ ಇತ್ತು. ಆದರೂ ಹಾರಿಸಿದರು. ನಿಷೇಧದ ಕೆಳಗೆ ಜನ ಒಳಗೊಳಗೇ ಕುದಿಯುತ್ತಿದ್ದರಲ್ಲ, ಅಲ್ಲಿಯವರೆಗೆ ‘ಚೇಫ್’. ಧ್ವಜ ಏರಿಸಿದ ಮೇಲೆ ಅದು ‘ಡಿಫೈ’. ಆಗ ‘ಚೇಫ್’ ಮುಗಿಯಿತು.

ಈ ಗೆರೆ ಮಕ್ಕಳಿಗೆ ತೋರಿಸಬೇಕು. ಪತ್ರಿಕೆ ಅನುವಾದಗಳಲ್ಲಿ ‘ಚೇಫ್’ ಬಂದ ಕಡೆಯೆಲ್ಲ ‘ಸಿಡಿದೆದ್ದರು’ ಅಂತ ಬರೆದುಬಿಡುತ್ತಾರೆ. ಅರ್ಥ ತಲೆಕೆಳಗಾಗುತ್ತೆ. ಇನ್ನೂ ಸಿಡಿದಿಲ್ಲ ಅನ್ನುವುದೇ ಆ ಪದ ಹೇಳುವ ವಿಷಯ.

ಪಾಂಡವಪುರದ ಟೀಚರ್

ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ‘ಅಟ್’, ‘ಅಂಡರ್’ ಎರಡೂ ಬಂದವು. ಯಾವಾಗ ಯಾವುದು?

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಒಂದು ಸಂಗತಿಗೆ, ನಿಯಮಕ್ಕೆ, ತಡವಾಗಿದ್ದಕ್ಕೆ ಚಡಪಡಿಸಿದರೆ ‘ಅಟ್’. ಬಸ್ಸು ಬರದೆ ಕಾಯುವವರು ‘ಚೇಫ್ ಅಟ್ ದ ಡಿಲೇ’. ಮೇಲೊಬ್ಬರ ಅಧಿಕಾರ, ಆಳ್ವಿಕೆ ಇದ್ದರೆ ‘ಅಂಡರ್’. ಮಿತಿಯನ್ನು, ಕಟ್ಟನ್ನು ತಳ್ಳುತ್ತಿರುವ ಭಾವ ಇದ್ದರೆ ‘ಅಗೇನ್‌ಸ್ಟ್’. ಮೈಗೆ ಹೇಳುವಾಗ ಇವು ಯಾವುವೂ ಕಡ್ಡಾಯವಲ್ಲ. ‘ದ ಕಾಲರ್ ಚೇಫ್ಡ್ ಮೈ ನೆಕ್’ ಅಂದರೆ ಮುಗಿಯಿತು.

ಗಮನಿಸಿ, ಕರ್ತೃ ಬದಲಾಗುತ್ತಾನೆ. ಮೈಯ ಅರ್ಥದಲ್ಲಿ ಉಜ್ಜುವ ವಸ್ತು ಕರ್ತೃ. ಮನಸ್ಸಿನ ಅರ್ಥದಲ್ಲಿ ನೋಯುವ ಮನುಷ್ಯನೇ ಕರ್ತೃ. ಕನ್ನಡಕ್ಕೆ ತರುವಾಗ ಇದರಿಂದ ಒಳ್ಳೆಯದೇ ಆಗುತ್ತದೆ. ಹಗ್ಗ ‘ಉಜ್ಜಿತು’, ನೊಗ ‘ತಿಂದಿತು’, ಚಪ್ಪಲಿ ‘ಕಚ್ಚಿತು’. ಮನುಷ್ಯ ‘ಚಡಪಡಿಸಿದ’, ‘ಒಳಗೊಳಗೇ ಕುದಿದ’. ತಡವಾಗುವುದಕ್ಕೆ ಚಡಪಡಿಸು ಸರಿ, ಆಳ್ವಿಕೆಗೆ ಕುದಿ ಸರಿ. ಒಂದೇ ಪದ ಎಲ್ಲ ಕಡೆ ಹಾಕಬೇಕೆಂಬ ಹಟ ಬೇಡ. ನಿಘಂಟಿನ ಸಾಲಿನಲ್ಲಿ ಮೊದಲು ಬಂದದ್ದನ್ನು ಎತ್ತಿ ಹಾಕುವ ಅಭ್ಯಾಸವನ್ನು ಮಕ್ಕಳಿಂದ ಈಗಲೇ ಬಿಡಿಸಬೇಕು.

ಕೆ.ಆರ್. ಪೇಟೆ ಡಿಪ್ಲೊಮಾ

ಸರ್, ನಮ್ಮ ಮನೆಯಲ್ಲಿ ಮೇವು ಕತ್ತರಿಸಲು ‘ಚಾಫ್ ಕಟರ್’ ಇದೆ. ಕೃಷಿ ಇಲಾಖೆ ಕರಪತ್ರದಲ್ಲಿ ಗೊಣ್ಣೆಹುಳು ಚಿತ್ರದ ಕೆಳಗೆ ‘ಚೇಫರ್ ಬೀಟಲ್’ ಅಂತ ಇತ್ತು. ಇವೂ ಇದೇ ಪದವಾ?

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಎರಡೂ ಅಲ್ಲ. ‘ಚಾಫ್’ ಅಂದರೆ ಹೊಟ್ಟು, ಕತ್ತರಿಸಿದ ಒಣಮೇವು. ಬರೆಯುವಾಗ ಕೊನೆಗೆ ‘ಎಫ್’ ಎರಡು. ‘ಚೇಫ್’ಗೆ ‘ಎಫ್’ ಒಂದು, ಆಮೇಲೆ ‘ಇ’. ‘ಸೇಫ್’ ಜೊತೆ ಪ್ರಾಸ ಹಾಕಿ ಹೇಳಿಕೊಟ್ಟರೆ ಉಚ್ಚಾರ ತಪ್ಪುವುದಿಲ್ಲ. ‘ಚೇಫರ್’ ಹಳೆಯ ಇಂಗ್ಲಿಷಿನಲ್ಲಿ ಜೀರುಂಡೆಗೆ ಇದ್ದ ಹೆಸರಿನಿಂದ ಬಂದದ್ದು. ಜರ್ಮನ್ನರು ಇವತ್ತಿಗೂ ಜೀರುಂಡೆಗೆ ‘ಕೇಫರ್’ ಅನ್ನುತ್ತಾರೆ.

ಮದ್ದೂರು ಕಡೆ ರೈತ

ಗೊಣ್ಣೆಹುಳು ಉಜ್ಜುವುದಿಲ್ಲ ತಮ್ಮ, ಕಬ್ಬಿನ ಬೇರನ್ನೇ ತಿನ್ನುತ್ತೆ. ಮುಂಗಾರಿಗೆ ಮುಂಚಿನ ಮೊದಲ ಮಳೆ ಬಿದ್ದಾಗ ಸಂಜೆ ಹೊತ್ತು ದುಂಬಿ ಭೂಮಿಯಿಂದ ಎದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತೆ. ಕೊಂಬೆ ಅಲ್ಲಾಡಿಸಿ ಉದುರಿಸಿ, ಆರಿಸಿ ಸಾಯಿಸಬೇಕು. ಊರವರೆಲ್ಲ ಸೇರಿ ಮಾಡಿದರೆ ಮಾತ್ರ ಪ್ರಯೋಜನ.

ಮೇಷ್ಟ್ರೇ, ನನ್ನದು ಕೊನೇ ಪ್ರಶ್ನೆ. ಎಮ್ಮೆ ಬೇವಿನ ಮರಕ್ಕೆ ಮೈ ಉಜ್ಜಿಕೊಳ್ಳುತ್ತಲ್ಲ, ಅದಕ್ಕೆ ‘ಚೇಫ್’ ಅನ್ನಬಹುದಾ?

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಇಲ್ಲ ಯಜಮಾನರೇ. ಅದು ‘ರಬ್’. ಎಮ್ಮೆ ಬೇಕಾಗಿ ಉಜ್ಜಿಕೊಳ್ಳುತ್ತದೆ, ಹಿತವಾಗುತ್ತದೆ, ಸಾಕಾದರೆ ಆಚೆ ಹೋಗುತ್ತದೆ. ಅದೇ ಎಮ್ಮೆಯ ಕೊರಳಿಗೆ ಬಿಗಿಯಾಗಿ ಹಗ್ಗ ಕಟ್ಟಿ, ಅದು ದಿನವಿಡೀ ಎಳೆದಾಡಿ ಕೊರಳು ಸುಲಿದರೆ, ಆಗ ಆ ಹಗ್ಗಕ್ಕೆ ‘ಚೇಫ್’ ಹಾಕಿ.

ಮದ್ದೂರು ಕಡೆ ರೈತ

ಸರಿ ಹಾಗಾದರೆ. ಹಗ್ಗ ಸಡಿಲ ಮಾಡಿದ್ದೇನೆಯೇ ಅಂತ ಒಂದು ಸಲ ಕೊಟ್ಟಿಗೆಗೆ ಹೋಗಿ ನೋಡಿ ಬರುತ್ತೇನೆ.